ಅಂಚು ಒಡೆದ ಖಡಕ್

ಹೋದ ತಿಂಗಳು ಸೊಲ್ಲಾಪುರ ರಸ್ತೆಯ ಒಂದು ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದೆ. ಬಡಿಸುವವನು ಒಳಗೆ ಕೂಗಿ ಹೇಳಿದ: "ಮೂಲಿಯಾಗಿನ ಅಜ್ಜಾರಿಗೆ ಎರಡು ಬಿಸಿ, ಒಂದು ಖಡಕ್."

ರೊಟ್ಟಿ ಎಂಬ ಮಾತನ್ನು ಅವನು ಆಡಲೇ ಇಲ್ಲ. ಆಡುವ ಅಗತ್ಯವೂ ಇಲ್ಲ. ನಮ್ಮ ವಿಜಯಪುರದಲ್ಲಿ ಬಿಸಿ ಅಂದರೆ ಬಿಸಿ ರೊಟ್ಟಿ, ಖಡಕ್ ಅಂದರೆ ಖಡಕ್ ರೊಟ್ಟಿ. ಹೆಂಚಿನ ಮೇಲೆ ಬೇಯಿಸಿ, ಅರಿವೆಯಿಂದ ಒತ್ತಿ ಒತ್ತಿ ಒಣಗಿಸಿದ, ಹಪ್ಪಳದ ಹಾಗೆ ಮುರಿಯುವ, ತಿಂಗಳಿಟ್ಟರೂ ಕೆಡದ ಜೋಳದ ರೊಟ್ಟಿ. ಈಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಾರುತ್ತಾರೆ. ಪುಣೆಯಲ್ಲಿರುವ ನನ್ನ ಮೊಮ್ಮಕ್ಕಳು ಕೂಡ "ಅಜ್ಜಾ, ಬರುವಾಗ ಖಡಕ್ ತಾ" ಅನ್ನುತ್ತಾರೆ.

ತಟ್ಟೆಗೆ ಬಂದದ್ದು ತೆಳ್ಳಗೆ, ದುಂಡಗೆ ಇತ್ತು. ಅಂಚು ಒಂದಿಷ್ಟೂ ಸೀಳಿರಲಿಲ್ಲ. ಮುರಿದೆ. ಸುಟ್ಟ ಜೋಳದ ವಾಸನೆ ಮೂಗಿಗೆ ಬಡಿಯಿತು, ತುಂಡು ಕೈಯಲ್ಲೇ ಉಳಿಯಿತು. ಬಡಿಸುವವನು ನೋಡಿದ.

"ಯಾಕ್ರಿ ಅಜ್ಜಾರ, ಹಲ್ಲಿಗಿ ತ್ರಾಸ ಆಗತೈತೇನ್ರಿ? ಸಾರಿನಾಗ ನೆನಸಿ ಕೊಡ್ಲಿ?"

"ಹಲ್ಲು ಗಟ್ಟಿ ಅದಾವಪ್ಪ," ಅಂದೆ. ಅವನಿಗೆ ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ. ಇಲ್ಲಿ ಹೇಳುತ್ತೇನೆ.

ಅರವತ್ತರ ದಶಕದ ಮೊದಲ ವರ್ಷಗಳು. ವಿಜಯಪುರಕ್ಕೆ ಆಗ ಎಲ್ಲರೂ ಇಜಾಪುರ ಅನ್ನುತ್ತಿದ್ದರು. ನಾನು ಅಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮದು ಬಬಲೇಶ್ವರದ ಹತ್ತಿರದ ಒಂದು ವಸ್ತಿ, ಹನ್ನೆರಡು ಮನೆ. ಎಲ್ಲರದೂ ಕುರಿ. ಆ ಹನ್ನೆರಡು ಮನೆಯಲ್ಲಿ ಮ್ಯಾಟ್ರಿಕ್ ದಾಟಿದವನು ನಾನೊಬ್ಬನೇ. ಅದನ್ನು ನಾನು ಆಗಲೂ ಮರೆಯುತ್ತಿರಲಿಲ್ಲ, ಬೇರೆಯವರಿಗೂ ಮರೆಯಗೊಡುತ್ತಿರಲಿಲ್ಲ.

ಓದಿದವನು ನಾನು, ಓದಿಸಿದವಳು ಅಕ್ಕ ನೀಲವ್ವ. ಅವ್ವ ಸತ್ತಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಮದುವೆಯಾಗಿ ಗಂಡನ ಮನೆಗೆ ಹೋದವಳು ಎರಡು ವರ್ಷಕ್ಕೆ ತಿರುಗಿ ಬಂದಳು. ಯಾಕೆ ಅಂತ ಅಪ್ಪ ಕೇಳಲಿಲ್ಲ, ಅವಳು ಹೇಳಲಿಲ್ಲ. ನನಗೆ ಹತ್ತು ತುಂಬಿದಾಗ ಅಪ್ಪ, "ಸಾಕು ಸಾಲಿ, ಕುರಿ ಹಿಂದ ಬರ್ಲಿ," ಅಂದ. ಅಕ್ಕ ಬಾಗಿಲಿಗೆ ಅಡ್ಡ ನಿಂತು, "ಕುರಿ ಹಿಂದ ನಾ ಬರ್ತೀನಿ. ಅವನ್ನ ಸಾಲಿಗಿ ಬಿಡು," ಅಂದಳು. ಮಾತಿಗೆ ಅಂದದ್ದಲ್ಲ. ಕಂಬಳಿ ಹೊದ್ದು ಐದು ವರ್ಷ ಕುರಿ ಹಿಂದೆ ನಡೆದಳು. ಚಿಕ್ಕಪ್ಪನ ಮಗ ದೊಡ್ಡವನಾದ ಮೇಲೆಯೇ ಮನೆಯಲ್ಲಿ ನಿಂತಳು.

ಇಜಾಪುರದಲ್ಲಿ ಅಥಣಿ ರಸ್ತೆಯ ಬದಿಯ ಒಂದು ಹಳೆ ಮನೆಯಲ್ಲಿ ನನಗೂ ತಿಕೋಟಾದ ಬಸಪ್ಪನಿಗೂ ಒಂದು ಖೋಲಿ. ನಮ್ಮಂಥವರ ಊಟ ಬಸ್ಸಿನಲ್ಲಿ ಬರುತ್ತಿತ್ತು. ಪ್ರತಿ ಗುರುವಾರ ಅಕ್ಕ ರೊಟ್ಟಿ ಗಂಟು ಕಟ್ಟಿಕೊಂಡು ವಸ್ತಿಯಿಂದ ಸಡಕಿನತನಕ ನಡೆದು ಬಂದು, ಕಂಡಕ್ಟರ್ ಹುಸೇನಿ ಕಾಕಾನ ಕೈಯಲ್ಲಿ ಕೊಡುತ್ತಿದ್ದಳು. ನಾನು ಬಸ್ ನಿಲ್ದಾಣದಲ್ಲಿ ಕಾದು ಇಸಿದುಕೊಳ್ಳುತ್ತಿದ್ದೆ. ಹಾಗೆ ಆ ಬಸ್ಸಿನ ಮೇಲೆ ಐದಾರು ಹುಡುಗರ ಗಂಟು ಬರುತ್ತಿದ್ದವು. ಯಾರ ಗಂಟು ಯಾರದೆಂದು ಹುಸೇನಿ ಕಾಕಾ ಒಮ್ಮೆಯೂ ತಪ್ಪುತ್ತಿರಲಿಲ್ಲ. ಗಂಟಿನ ಜೊತೆ ಮಾತನ್ನೂ ತರುತ್ತಿದ್ದರು, ಒಯ್ಯುತ್ತಿದ್ದರು. ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಪತ್ರ ಅವರ ಬಾಯಿಯೇ.

ಗಂಟಿನಲ್ಲಿ ಮೇಲೆ ನಾಲ್ಕು ಮೆತ್ತನೆಯ ರೊಟ್ಟಿ, ಅವು ಎರಡು ದಿನಕ್ಕೆ. ಕೆಳಗೆ ಖಡಕ್, ಅದು ವಾರಕ್ಕೆ. ಜೊತೆಗೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಉಳ್ಳಾಗಡ್ಡಿ. ಖೋಲಿಯಲ್ಲಿ ನೆಲುವಿನ ಮೇಲೆ ಬುಟ್ಟಿ ತೂಗುಹಾಕಿ ಅದರಲ್ಲಿ ಖಡಕ್ ಇಡುತ್ತಿದ್ದೆವು. ನಮ್ಮ ವಾರದ ಲೆಕ್ಕವೂ ಅದರಲ್ಲೇ. "ಇವತ್ತೇನು ವಾರಲೇ?" ಅಂದರೆ ಬಸಪ್ಪ ಬುಟ್ಟಿ ನೋಡಿ, "ಮೂರು ಖಡಕ್ ಉಳದಾವು, ಅಂದ್ರ ಮಂಗಳವಾರ," ಅನ್ನುತ್ತಿದ್ದ. ಜ್ವರ ಬಂದವನಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ ಕೊಡುವುದು, ಸಾರು ಸಿಕ್ಕ ದಿನ ಮುರಿದು ನೆನೆಹಾಕುವುದು, ಏನೂ ಇಲ್ಲದ ದಿನ ಓದುತ್ತ ಓದುತ್ತ ಹಾಗೇ ಕಡಿಯುವುದು. ಪುಸ್ತಕದ ಹಾಳೆಗಳ ನಡುವೆ ಯಾವಾಗಲೂ ಚೂರು ಇರುತ್ತಿದ್ದವು.

ಖಡಕ್ ಎಂಬ ಮಾತು ಮಾತ್ರ ನಮ್ಮ ಮನೆಯದಲ್ಲ. ನಮ್ಮಲ್ಲಿ ಒಣ ರೊಟ್ಟಿ ಅನ್ನುತ್ತಿದ್ದರು. ಇಜಾಪುರದ ಹುಡುಗರ ಬಾಯಲ್ಲಿ ಕಲಿತು, ಮೊದಲ ವರ್ಷದ ದೀಪಾವಳಿ ಸೂಟಿಗೆ ಹೋದಾಗ ಊಟಕ್ಕೆ ಕೂತು ಅಂದೆ: "ಅಕ್ಕಾ, ಒಂದು ಖಡಕ್ ಹಾಕು."

"ಏನ್ ಹಾಕ್ಲಿ?"

"ಖಡಕ್ ಬೇ. ಇಜಾಪುರದಾಗ ರೊಟ್ಟಿ ಅಂತ ಪೂರಾ ಅನ್ನೂದಿಲ್ಲ."

"ಅರ್ಧಾ ಮಾತು ನುಂಗಿದ್ರ ಹೊಟ್ಟಿ ತುಂಬತೈತೇನು ಅವರಿಗಿ?" ಅಂದು ನಕ್ಕಳು. ಆದರೆ ಮರುದಿನ ಬಾಜೂಮನೆಯವಳ ಜೊತೆ ಮಾತಾಡುವಾಗ ಕೇಳಿಸಿತು: "ನಮ್ಮ ಸಿದ್ದುಗ ಖಡಕ್ ಮಾಡಬೇಕವಾ. ಖಡಕ್ ಅಂದ್ರ ಒಣ ರೊಟ್ಟಿ. ಇಜಾಪುರದಾಗ ಹಂಗ ಅಂತಾರ." ಕಾಲೇಜಿನ ಒಂದು ಮಾತು ಅವಳ ಬಾಯಿಗೂ ಬಂದಿತ್ತು. ಅದನ್ನು ಅವಳು ಹೊಸ ಕುಪ್ಪಸದ ಹಾಗೆ ತೊಟ್ಟುಕೊಂಡು ತಿರುಗುತ್ತಿದ್ದಳು.

ಅಕ್ಕನ ಖಡಕ್ ಅಂಚು ಒಡೆಯುತ್ತಿರಲಿಲ್ಲ. ರೊಟ್ಟಿ ಬಡಿಯುವವರ ಕೈ ಗೊತ್ತಾಗುವುದು ಅಂಚಿನಲ್ಲಿಯೇ. ನಡುವೆ ತೆಳ್ಳಗೆ ಬಡಿದು, ಅಂಚಿಗೆ ಬರುವಷ್ಟರಲ್ಲಿ ಕೈ ಅವಸರ ಮಾಡಿದರೆ ಸೀಳುತ್ತದೆ. ಹಿಟ್ಟು ಹಳೆಯದಾಗಿ ಜಿಗುಟು ಹೋದರೂ ಸೀಳುತ್ತದೆ. ಅಕ್ಕನದು ಕಂಪಾಸಿನಿಂದ ಎಳೆದ ಹಾಗೆ ಇರುತ್ತಿತ್ತು. ಬಸಪ್ಪ ತನ್ನ ಎರಡು ಕೊಟ್ಟು ಅಕ್ಕನದು ಒಂದು ಕೇಳುತ್ತಿದ್ದ.

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಹೊರಡುವಾಗ ಸಡಕಿನತನಕ ಬಂದು ಅಕ್ಕ ಹೇಳಿದಳು: "ಇನ್ನ ಪರೀಕ್ಷಾ ಮುಗಿಸೇ ಬಾ ತಮ್ಮಾ. ನಡುವ ಬಂದ್ರ ಎರಡು ದಿನದ ಓದು ಹೋಗತೈತಿ. ಖಡಕ್ ಬರ್ತಾವು, ನಾ ಬಂದಂಗ ತಿಳಕೋ." ಅವಳ ಮುಖ ಕಂದಿತ್ತೋ ಇಲ್ಲವೋ ನೆನಪಿಲ್ಲ. ನಾನು ಬಸ್ಸಿನಲ್ಲಿ ಕಿಟಕಿ ಬದಿಯ ಜಾಗ ಹುಡುಕುತ್ತಿದ್ದೆ.

ಹೋಳಿ ಹತ್ತಿರ ಬಂದಾಗ ಪರೀಕ್ಷೆಗೆ ತಿಂಗಳೂ ಉಳಿದಿರಲಿಲ್ಲ. ಬಿಸಿಲು ಏರಿತ್ತು. ಖೋಲಿಯ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ನಾವಿಬ್ಬರೂ ಪುಸ್ತಕ ಹಿಡಿದು ಮುಂಜಾನೆ ತೊರವಿಯ ದಾರಿಯಲ್ಲಿ ನಡೆಯುತ್ತ ಓದಿ, ಬಿಸಿಲು ಏರುವ ಮುಂಚೆ ತಿರುಗುತ್ತಿದ್ದೆವು. ಆ ಗುರುವಾರ ಬಂದ ಗಂಟು ಎಂದಿಗಿಂತ ಭಾರವಿತ್ತು. ಬಿಚ್ಚಿದಾಗ ನಮ್ಮ ಜೊತೆ ಓದುತ್ತಿದ್ದ ಒಬ್ಬ ವಕೀಲರ ಮಗನೂ ಖೋಲಿಯಲ್ಲಿದ್ದ, ನೋಟ್ಸ್ ಕೊಡಲು ಬಂದಿದ್ದ. ಅವನಿಗೆ ನಮ್ಮ ಖಡಕ್ಕಿನ ಹೆಸರು ಹೇಳಿ ಹೇಳಿ ನಾನೇ ಆಸೆ ಹಚ್ಚಿದ್ದೆ.

ಗಂಟಿನಲ್ಲಿದ್ದದ್ದು ಬೆರಳು ದಪ್ಪದ, ಸುತ್ತ ಅಂಚು ಬಿರಿದ, ಅಲ್ಲಲ್ಲಿ ಕರಿಕಾದ ಖಡಕ್.

ಬಸಪ್ಪ ಒಂದನ್ನು ಎತ್ತಿ ಗೋಡೆಗೆ ಕುಟ್ಟಿದ. "ಲೇ ಸಿದ್ದ್ಯಾ, ಇವು ಮನಿ ಹೊದಿಸಾಕ ಕಳಿಸ್ಯಾಳೇನಲೇ ನಿಮ್ಮಕ್ಕ? ಹೆಂಚಿದ್ದಂಗ ಅದಾವು." ಮತ್ತೆ ನನ್ನ ಮುಖ ನೋಡಿ, "ಹಿಟ್ಟು ಹಳೇದಿರಬೇಕು ಬಿಡು," ಅಂದ.

ವಕೀಲರ ಮಗ ಒಂದು ಚೂರು ಮುರಿದು ಬಾಯಿಗೆ ಇಟ್ಟ, ಎರಡು ಸಲ ಜಗಿದ. ಉಳಿದ ತುಂಡನ್ನು ಯಾರಿಗೂ ಕಾಣಬಾರದೆಂಬ ಹಾಗೆ ಗಂಟಿನ ಮೇಲೆ ಇಟ್ಟ. ನಗಲಿಲ್ಲ. ನಕ್ಕಿದ್ದರೆ ನನಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಹಳೆ ಹಿಟ್ಟಿನ ಮಾತು ಸುಳ್ಳು. ಸುಗ್ಗಿ ಮುಗಿದು ಮನೆ ಮನೆಗೆ ಹೊಸ ಬಿಳಿಜೋಳ ಬಂದ ದಿನಗಳವು. ಅದು ನನಗೆ ಗೊತ್ತಿತ್ತು. ಅದೇ ವಾರ ಬಸಪ್ಪ ತನ್ನ ಊರಿಗೆ ಹೋಗಿ ಬಂದು ಇನ್ನೊಂದು ಮಾತು ಹೇಳಿದ್ದ: "ನಿಮ್ಮ ಕುರಿ ತಿಕೋಟಾ ಕಡೀ ಹೊಲದಾಗ ಕುಂತಾವಲೇ. ನಿಮ್ಮ ಚಿಕ್ಕಪ್ಪ, ಅವನ ಮಗ ಇಬ್ಬರ ಅದಾರ. ನಿಮ್ಮಪ್ಪ ಊರಿಗಿ ಹೋಗ್ಯಾನಂತ." ಸುಗ್ಗಿ ಆದ ಮೇಲೆ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ಕೂಡಿಸುವ ಕಾಲದಲ್ಲಿ ನಮ್ಮಪ್ಪ ಹಿಂಡು ಬಿಟ್ಟು ಮನೆಗೆ ಹೋದದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆದರೂ ಪುಸ್ತಕ ತೆರೆದೆ.

ಮುಂದಿನ ಗುರುವಾರವೂ ಅಂಥವೇ ಬಂದವು. ನಿಲ್ದಾಣದಲ್ಲೇ ಗಂಟಿನ ಮೂಲೆ ಬಿಚ್ಚಿ ನೋಡಿ ಹುಸೇನಿ ಕಾಕಾನಿಗೆ ಅಂದೆ:

"ಅಕ್ಕಗ ಹೇಳ್ರಿ ಕಾಕಾ. ಇಂಥಾ ಖಡಕ್ ಕಳಸೂದಿದ್ರ ಕಳಸೂದ ಬ್ಯಾಡ. ನಾಕು ಮಂದಿ ಮುಂದ ಗಂಟು ಬಿಚ್ಚಾಕ ನಾಚಿಕಿ ಆಗತೈತಿ."

ಕಾಕಾ ಟಿಕೀಟಿನ ಪೆಟ್ಟಿಗೆ ಮುಚ್ಚಿ ನನ್ನನ್ನೇ ನೋಡಿದರು. "ಗಂಟು ಕೊಡಾಕ ನಿಮ್ಮಕ್ಕ ಬಂದಿದ್ದಿಲ್ಲಪ್ಪ. ಎರಡು ವಾರ ಆತು, ನಿಮ್ಮಪ್ಪನ ಬರಾಕತ್ತಾನ."

ನಾನು ಗಂಟಿನ ಮೂಲೆ ತಿರುಗಿ ಕಟ್ಟಿದೆ.

"ಒಮ್ಮಿ ಬಂದು ಹೋಗು ಸಿದ್ದಪ್ಪ. ಮುಂಜಾನಿ ಗಾಡಿಗಿ ಬಾ, ಸಂಜಿ ಗಾಡಿಗಿ ನಾನ ತಂದು ಬಿಡ್ತೀನಿ."

"ಪರೀಕ್ಷಾಕ ಇಪ್ಪತ್ತು ದಿನ ಸೈತ ಇಲ್ಲರೀ ಕಾಕಾ. ಅಕ್ಕನ ಬರಬ್ಯಾಡ ಅಂದಾಳ."

"ಹೌದು, ಅಂದಾಳ," ಅಂದರು. ಅವರು ಇನ್ನೂ ಏನೋ ಹೇಳುವವರಿದ್ದರು. ನಾನು ಕೇಳಬಹುದಿತ್ತು. ಒಂದೇ ಮಾತು, ಅಕ್ಕ ಆರಾಮ ಅದಾಳಿಲ್ಲೋ ಅಂತ. ಕೇಳಿದರೆ ಅವರು ಹೇಳುತ್ತಾರೆ, ಹೇಳಿದರೆ ಹೋಗಬೇಕಾಗುತ್ತದೆ ಎಂದು ಗೊತ್ತಿದ್ದೇ ಕೇಳಲಿಲ್ಲ. ಆಗ ಹುಡುಗ, ತಿಳಿಯಲಿಲ್ಲ ಎಂದು ಬರೆದರೆ ಓದುವವರು ನಂಬುತ್ತಾರೆ. ನನಗೆ ಇಪ್ಪತ್ತು ದಾಟಿತ್ತು. ತಿಳಿದಿತ್ತು.

ಅದರ ಮುಂದಿನ ಗುರುವಾರ ಬಂದದ್ದು ದೊಡ್ಡ ಗಂಟು. ಹಾಸಿಗೆಯ ಮೇಲೆ ಬಿಚ್ಚಿದೆ. ನಲವತ್ತು ಖಡಕ್. ತೆಳ್ಳಗೆ, ಬೆಳ್ಳಗೆ, ಮೇಲೆ ಎಳ್ಳು. ಒಂದರ ಅಂಚೂ ಒಡೆದಿರಲಿಲ್ಲ. ಒಂದರ ಮೇಲೊಂದು ಇಟ್ಟರೆ ಒಂದೇ ಅಳತೆ. ಪರೀಕ್ಷೆ ಮುಗಿಯುವತನಕ ಸಾಕಾಗುವಷ್ಟು.

"ಹೇಳಿದ ಮ್ಯಾಲ ನೆಟ್ಟಗಾದ್ಲು ನೋಡು," ಎಂದೆ ಬಸಪ್ಪನಿಗೆ. ಆ ಮಾತನ್ನು ನಾನೇ ಆಡಿದೆ. ಎದೆಯ ಮೇಲಿನ ಭಾರ ಇಳಿದಿತ್ತು. ಅಕ್ಕನ ಕೈ ಬಂದಿದೆ, ಅಂದರೆ ಅಕ್ಕ ಆರಾಮ ಇದ್ದಾಳೆ, ನಾನು ಹೋಗದೆ ಇದ್ದದ್ದೇ ಸರಿ ಅಂದುಕೊಂಡೆ. ವಕೀಲರ ಮಗನನ್ನು ಕರೆದು ತಂದು ಮೊಸರು, ಹಿಂಡಿ ಹಚ್ಚಿ ತಿನ್ನಿಸಿದೆ. "ಇದು ಖರೇ ಖಡಕ್," ಅಂದ ಅವನು. ಅಕ್ಕನ ಖಡಕ್ ಕಟಕಟ ಕಡಿಯುತ್ತ ಇತಿಹಾಸ ಓದಿದೆ, ಅರ್ಥಶಾಸ್ತ್ರ ಓದಿದೆ. ಪರೀಕ್ಷೆ ಚೆನ್ನಾಗಿ ಆದವು. ಮುಂದೆ ಎರಡನೇ ದರ್ಜೆಯಲ್ಲಿ ಪಾಸಾದೆ. ನಮ್ಮ ವಂಶದಲ್ಲಿ ಕಾಗದದ ಮೇಲೆ ಹೆಸರು ಬರೆಯಲು ಕಲಿತವನೇ ನಾನು ಮೊದಲು. ಆ ಪದವಿಯ ಬಗ್ಗೆ ನನಗೆ ಇವತ್ತಿಗೂ ಅಭಿಮಾನವಿದೆ. ಅದನ್ನು ಮುಚ್ಚಿಡುವುದಿಲ್ಲ.

ಕೊನೆಯ ಪೇಪರು ಬರೆದ ಮರುದಿನ ಮುಂಜಾನೆ ಬಸ್ಸು ಹತ್ತಿದೆ. ಹುಸೇನಿ ಕಾಕಾ ಉಳಿದವರಿಗೆಲ್ಲ ಟಿಕೀಟು ಕೊಟ್ಟು ಮುಗಿಸಿ, ಊರು ದಾಟಿದ ಮೇಲೆ ಬಂದು ನನ್ನ ಬದಿಗೆ ಕೂತರು. ಅವರು ಹಾಗೆ ಯಾರ ಬದಿಗೂ ಕೂಡುವವರಲ್ಲ.

"ಪರೀಕ್ಷಾ ಎಲ್ಲಾ ಮುಗದ್ವೇನು?"

"ಮುಗದ್ವು ಕಾಕಾ."

"ನೀಲವ್ವ ಹೋದಳಪ್ಪ." ಕೈಯನ್ನು ನನ್ನ ತೊಡೆಯ ಮೇಲೆ ಇಟ್ಟರು. "ಹದಿನೈದು ದಿನದ ಮ್ಯಾಲಾತು. ನಿನಗ ಹೇಳಬಾರದಂತ ನನ್ನ ಕಡಿಂದ ಮಾತು ತಗೊಂಡಿದ್ಲು. ಆಕಿ ಹೋದ ಮ್ಯಾಲೂ ನಿಮ್ಮಪ್ಪ ಅದನ್ನೇ ಹೇಳಿದ. ಮುಗೀಲಿ, ಮಗಳ ಮಾತು ಉಳೀಲಿ ಅಂದ."

ಹೊರಗೆ ಜೋಳ ಕೊಯ್ದ ಎರೆಹೊಲಗಳು ಬಾಯಿ ಬಿಟ್ಟು ಬಿದ್ದಿದ್ದವು. ನಾನು ಕೇಳಿದ್ದು ಅಕ್ಕನ ಬಗ್ಗೆಯಲ್ಲ, ನನ್ನ ಬಗ್ಗೆ.

"ನಾ ಅವತ್ತು ಅಂದದ್ದು ಆಕಿಗಿ ಹೇಳಿದ್ರೇನ್ರಿ?"

"ಹ್ಯಾಂಗ ಹೇಳ್ಲಿ? ಹಾಸಗಿ ಹಿಡದಾಕಿಗಿ ಅಂಥಾ ಮಾತು ಒಯ್ಯಾಕ ಆಗತೈತೇನು? ನಿಮ್ಮಪ್ಪ ಸಡಕಿನ್ಯಾಗ ನಿಂತಿದ್ದ. ನಿಮ್ಮ ಹುಡುಗಗ ಖಡಕ್ ಭಾಳ ಸೇರ್ಯಾವು, ಇನ್ನಷ್ಟು ಬೇಕಂತ, ಅಂದು ಗಾಡಿ ಬಿಡಿಸಿದೆ."

ಅವರ ಕಣ್ಣಲ್ಲಿ ತಾನು ಒಳ್ಳೆಯದು ಮಾಡಿದೆನೋ ಕೆಟ್ಟದು ಮಾಡಿದೆನೋ ಎಂಬ ಸಂಶಯ ಇತ್ತು. ಸಡಕಿನಲ್ಲಿ ಇಳಿದು ನಡೆದೆ.

ಅಪ್ಪ ಒಲೆಯ ಮುಂದೆ ಕೂತಿದ್ದ. ನಾನು ಬರುವ ದಿನ ಗೊತ್ತಿದ್ದು ರೊಟ್ಟಿ ಬಡಿಯುತ್ತಿದ್ದ. ನನ್ನನ್ನು ನೋಡಿ ಎದ್ದು ಬರಲಿಲ್ಲ. "ಬಾ," ಅಂದ. "ಕೈಕಾಲಿಗಿ ನೀರ ಹಾಕ್ಕೋ." ತೊಳೆದುಕೊಂಡು ಬಂದು ಎದುರಿಗೆ ಕೂತೆ. ಕುರಿ ಹಿಂದೆ ಹೋಗುವ ಗಂಡಸರು ಅಡವಿಯಲ್ಲಿ ಮೂರು ಕಲ್ಲು ಹೂಡಿ ತಾವೇ ರೊಟ್ಟಿ ಮಾಡಿಕೊಳ್ಳುತ್ತಾರೆ. ಹಸಿವೆ ತಡೆಯುವ ರೊಟ್ಟಿ, ಚಂದ ನೋಡುವ ರೊಟ್ಟಿಯಲ್ಲ. ಅಪ್ಪನ ದೊಡ್ಡ ಅಂಗೈ ಕೆಳಗೆ ಹಿಟ್ಟು ಹರಡಿ, ಅಂಚು ಸುತ್ತಲೂ ಬಿರಿಯಿತು. ಅದನ್ನು ಅವನು ಬೆರಳಿಂದ ಒತ್ತಿ ಕೂಡಿಸಲು ನೋಡಿದ, ಕೂಡಲಿಲ್ಲ. ಹಾಗೇ ಎತ್ತಿ ಹೆಂಚಿಗೆ ಹಾಕಿದ.

ಆ ಎರಡು ಗುರುವಾರದ ಖಡಕ್ ಯಾರ ಕೈಯದು ಎಂದು ಆಗ ತಿಳಿಯಿತು.

"ಕಾಮಣಿ ಆಗಿತ್ತು," ಅಂದ ಅಪ್ಪ. ನಾನು ಕೇಳಿರಲಿಲ್ಲ. "ಕಣ್ಣು, ಉಗುರು ಎಲ್ಲಾ ಅರಿಷಿಣ. ತಿಕೋಟಾದಾಗ ಎಲಿ ಔಷಧ ಕೊಡತಾರಂತ ಕರಕೊಂಡು ಹೋದೆ. ಉಪ್ಪು ಬಿಡು, ಬೆಂಕಿ ಮುಂದ ಕೂಡಬ್ಯಾಡ ಅಂದ್ರು. ಅದಕ್ಕ ಕುರಿ ನಿಮ್ಮ ಚಿಕ್ಕಪ್ಪಗ ಬಿಟ್ಟು ನಾನ ಒಲಿ ಹಿಡಿದೆ. ನಿನಗ ಗಂಟು ತಪ್ಪಬಾರದಲ್ಲ."

ರೊಟ್ಟಿ ಮಗುಚಿದ.

"ಹುಸೇನಿ ಸಡಕಿನ್ಯಾಗ ಹೇಳಿದ, ಭಾಳ ಸೇರ್ಯಾವು, ಇನ್ನಷ್ಟು ಬೇಕಂತ. ನನಗ ಹಿಗ್ಗಾತು. ಮನಿಗಿ ಬಂದು ಆಕಿಗಿ ಹೇಳಿದೆ, ನೋಡಬೇ, ನಾ ಮಾಡಿದ್ದು ಕಾಲೇಜಿನ ಮಂದಿಗಿ ಸೇರ್ಯಾವು ಅಂತ. ಮಲಗಿದಲ್ಲೇ ನಕ್ಕಳು. 'ಯಪ್ಪಾ, ಅವಗ ಸೇರಿರೂದಿಲ್ಲ. ಹುಸೇನಿ ಕಾಕಾ ಮಾತು ತಿರಿವಿ ಹೇಳ್ಯಾನ. ಅವನ ಗೆಳೆಯಾರು ನಕ್ಕಿರತಾರ, ಅವಗ ನಾಚಿಕಿ ಆಗಿರತೈತಿ,' ಅಂದ್ಲು. ನನಗ ಸಿಟ್ಟು ಬಂತು, ಹೊರಗ ಹೋಗಿ ಕುಂತೆ. ತಿರುಗಿ ಬರೂದ್ರೊಳಗ ಒಲಿ ಹಚ್ಚಿದ್ಲು. ಮೂರು ದಿನ ಮಾಡಿದ್ಲು. ಹತ್ತು ಮಾಡೂದು, ಗೋಡಿಗಿ ಆನಿಕೊಳ್ಳೂದು, ಮತ್ತ ಹತ್ತು ಮಾಡೂದು. ಗಂಟು ನಾ ಒಯ್ದು ಕೊಟ್ಟೆ. ಅದಾಗಿ ಐದು ದಿನ ಇದ್ಲು."

ಒಲೆಯ ಮುಂದೆ ಕೂತದ್ದಕ್ಕೇ ಅಕ್ಕ ಸತ್ತಳು ಎಂದು ಯಾವ ಡಾಕ್ಟರೂ ಹೇಳುವುದಿಲ್ಲ. ಕೂಡದಿದ್ದರೂ ಉಳಿಯುತ್ತಿರಲಿಲ್ಲವೋ ಏನೋ. ಅದನ್ನು ಆಮೇಲೆ ಓದಿ ತಿಳಿದುಕೊಂಡೆ, ಬಲ್ಲವರನ್ನು ಕೇಳಿ ತಿಳಿದುಕೊಂಡೆ. ತಿಳಿದದ್ದರಿಂದ ಏನೂ ಕಡಿಮೆಯಾಗಲಿಲ್ಲ. ಆವತ್ತಂತೂ ನನಗೆ ಏನೂ ತಿಳಿದಿರಲಿಲ್ಲ. ಅಪ್ಪನಿಗೂ ತಿಳಿದಿರಲಿಲ್ಲ.

ಅವನು ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, ಕೈ ಹಿಂದಕ್ಕೆ ತೆಗೆಯದೆ ಹಾಗೇ ಹಿಡಿದ.

"ತಮ್ಮಾ, ಒಂದು ಮಾತು ಕೇಳ್ತೀನಿ. ನನ್ನ ರೊಟ್ಟಿ ಸುಮಾರ ಇದ್ದಿದ್ದಕ್ಕ ಆಕಿ ಎದ್ಲೋ ಏನು ಅಂತ ದಿನಾ ಕುಂತು ಯೋಚನಿ ಮಾಡ್ತೀನಿ. ನೀ ಓದಿದಾಂವ, ಸುಳ್ಳು ಹೇಳಬ್ಯಾಡ. ಖರೇನ ಸೇರಿದ್ವೋ, ಇಲ್ಲೋ?"

ಅಪ್ಪನ ಕಣ್ಣು ಹೊಗೆಗೆ ಕೆಂಪಾಗಿದ್ದವು. ನಾನು ನಿಜ ಹೇಳಬಹುದಿತ್ತು. ನಿಜ ಹೇಳಿದರೆ ನನ್ನ ತಪ್ಪು ನನಗೆ ಬರುತ್ತಿತ್ತು, ಅದು ನ್ಯಾಯ. ಆದರೆ ಅವನು ಅದನ್ನು ನನ್ನ ತಪ್ಪೆಂದು ಕೇಳುತ್ತಿರಲಿಲ್ಲ. ತನ್ನ ಕೈಯದೆಂದೇ ಕೇಳುತ್ತಿದ್ದ, ಇರುವತನಕ.

"ಸೇರಿದ್ವು ಯಪ್ಪಾ," ಅಂದೆ. "ಹುಸೇನಿ ಕಾಕಾ ಹೇಳಿದ್ದ ಖರೇ."

"ಇನ್ನಷ್ಟು ಬೇಕಂತ ನೀನ ಅಂದಿದ್ದಿ?"

"ನಾನ ಅಂದಿದ್ದೆ."

ಅಪ್ಪ ನನ್ನ ತಾಟಿನಿಂದ ಕೈ ತೆಗೆದ. ಒಲೆಯ ಕೊಳ್ಳಿ ಹಿಂದಕ್ಕೆ ಎಳೆದು, ಮೆಲ್ಲಗೆ ತಲೆ ಅಲ್ಲಾಡಿಸಿದ.

"ಎತ್ತಿ ಆಡಿಸಿ ಬೆಳೆಸಿದಾಕಿ. ಆಕಿಗೇ ನಿನ್ನ ಮನಸು ತಿಳೀಲಿಲ್ಲ ನೋಡು," ಅಂದ.

ನಾನು ಹೌದು ಅಂದೆ.